ಬಾಗಿಲಾಚೆ ಯಾರು? ರಾಕಿ ಬೆಟ್ಟದ ಒಂಟಿ ಮನೆಯಲ್ಲಿ ಬದುಕುವ ಬಗೆ

ಅಮ್ಮ ಮೊದಲ ಸಲ ನಮ್ಮ ಬೆಟ್ಟದ ಮನೆಗೆ ಬಂದಾಗ, ದಿನಾ ಊಟಕ್ಕೆ ಮುಂಚೆ ಜಗಲಿಯ ಕಟಕಟೆ ಮೇಲೆ ಒಂದು ತುತ್ತು ಅನ್ನ ಇಡುತ್ತಿದ್ದರು. ಕಾಗೆಗೆ. ಬೇಡ ಅಮ್ಮ ಎಂದೆ. "ಹಕ್ಕಿ ತಿಂದ್ರೆ ನಿಂಗೇನೇ ಕಷ್ಟ?" ಎಂದರು. ಮೊದಲ ದಿನ ರೇವನ್ ಬಂತು. ಕಾಗೆಯ ದೊಡ್ಡಣ್ಣನ ಹಾಗೆ ಇರುತ್ತದೆ ಅದು. ಮರುದಿನ ಬೂದು ಬಣ್ಣದ ಜೇ ಹಕ್ಕಿಗಳು, ಆಮೇಲೆ ಅಳಿಲು. ಐದನೇ ದಿನ ಕರಡಿ.

ನಾನು ಮಹಡಿಯಲ್ಲಿ ಆಫೀಸಿನ ಮೀಟಿಂಗಿನಲ್ಲಿದ್ದೆ. ಕೆಳಗಿಂದ ಅಮ್ಮನ ದನಿ ಕೇಳಿಸಿತು. "ಹೋಗಪ್ಪಾ, ಹೋಗು. ಇಲ್ಲೇನೂ ಇಲ್ಲ ನಿಂಗೆ." ಪಾರ್ಸೆಲ್ ತಂದವನಿಗೆ ಕನ್ನಡದಲ್ಲೇ ಹೇಳುತ್ತಿದ್ದಾರೆ ಎಂದುಕೊಂಡೆ. ಇಳಿದು ಬಂದು ನೋಡಿದರೆ ಸಾರಿನ ಸೌಟು ಹಿಡಿದುಕೊಂಡು, ಹಿಂದೆ ಹಿಂದೆ ಹೆಜ್ಜೆ ಇಡುತ್ತಾ ಒಳಗೆ ಬರುತ್ತಿದ್ದಾರೆ. ಆಚೆ ಹದಿನೈದು ಅಡಿ ದೂರದಲ್ಲಿ ಚಕ್ಕೆ ಬಣ್ಣದ ಕರಡಿ ಕಟಕಟೆ ನೆಕ್ಕುತ್ತಾ ನಿಂತಿದೆ.

ಯಾರೂ ಹೇಳಿಕೊಡದೆ ಅಮ್ಮ ಎಲ್ಲವನ್ನೂ ಸರಿಯಾಗಿಯೇ ಮಾಡಿದ್ದರು. ಕಿರುಚಲಿಲ್ಲ. ಓಡಲಿಲ್ಲ. ಬೆನ್ನು ತಿರುಗಿಸಲಿಲ್ಲ. ಗಟ್ಟಿಯಾಗಿ, ಆದರೆ ಸಿಟ್ಟಿಲ್ಲದೆ ಮಾತಾಡಿದರು. ತಪ್ಪಿದ್ದು ಆ ಒಂದು ತುತ್ತು ಅನ್ನದಲ್ಲಿ ಮಾತ್ರ. ಕರಡಿ ಅವತ್ತು ಹೊರಟುಹೋಯಿತು. ಆದರೆ ಮುಂದಿನ ನಾಲ್ಕು ರಾತ್ರಿಯೂ ಬಂತು.

ನಮ್ಮ ಮನೆ ಅಮೆರಿಕದ ಕೊಲರಾಡೋದಲ್ಲಿ, ಗ್ರ್ಯಾಂಡ್ ಕೌಂಟಿಯಲ್ಲಿದೆ. ಕೌಂಟಿ ಎಂದರೆ ನಮ್ಮ ಜಿಲ್ಲೆಯ ಹಾಗೆ. ಗ್ರ್ಯಾನ್‌ಬಿ ಊರಿನಿಂದ ಮಣ್ಣು ರಸ್ತೆ ಹತ್ತಿದರೆ ಸುಮಾರು 8,800 ಅಡಿ ಎತ್ತರ. ಹಿತ್ತಲ ಬೇಲಿ ದಾಟಿದರೆ ಅರಪಾಹೋ ನ್ಯಾಷನಲ್ ಫಾರೆಸ್ಟ್, ಸರ್ಕಾರಿ ಕಾಡು. ಪಕ್ಕದ ಮನೆ ಎರಡು ಮೈಲಿ ದೂರ. ಅಲ್ಲಿ ದನ ಸಾಕುವ ಒಬ್ಬ ಅಜ್ಜ ಇದ್ದಾರೆ. ನನಗೆ ಗೊತ್ತಿರುವುದರಲ್ಲಿ ಅರ್ಧ ಅವರು ಹೇಳಿಕೊಟ್ಟದ್ದು, ಇನ್ನರ್ಧ ತಪ್ಪು ಮಾಡಿ ಕಲಿತದ್ದು. ಡೆನ್ವರಿನ ಅಪಾರ್ಟ್‌ಮೆಂಟ್ ಬಿಟ್ಟು ನಾನೂ ನಮ್ಮ ಮನೆಯವರೂ ಇಲ್ಲಿಗೆ ಬಂದು 12 ವರ್ಷ ಆಯಿತು.

ಬೆಟ್ಟದಲ್ಲಿ ಮನೆ ತಗೋಬೇಕು ಎನ್ನುವ ಕನ್ನಡದ ಗೆಳೆಯರು ಆಗಾಗ ಫೋನ್ ಮಾಡುತ್ತಾರೆ. ಎಲ್ಲರೂ ಕೇಳುವುದು ಒಂದೇ: ಭಯ ಆಗಲ್ವಾ? ಆಗುತ್ತದೆ. ಆದರೆ ನಾನು ಬಂದ ಹೊಸದರಲ್ಲಿ ಕರಡಿಗೆ ಹೆದರುತ್ತಿದ್ದೆ, ಇಲಿಗೆ ಹೆದರುತ್ತಿರಲಿಲ್ಲ. ಈಗ ಅದು ತಿರುಗುಮುರುಗಾಗಿದೆ. ನಾಲ್ಕು ಕಾಲಿನವರಿರಲಿ ಎರಡು ಕಾಲಿನವರಿರಲಿ, ಇಲ್ಲಿಗೆ ಯಾರೂ ಸುಮ್ನೆ ಬರುವುದಿಲ್ಲ. ತಿನ್ನಲು ಏನೋ ಬೇಕು, ಉಪ್ಪು ಬೇಕು, ಬೆಚ್ಚಗಿನ ಮೂಲೆ ಬೇಕು, ಇಲ್ಲವೇ ದಾರಿ ತಪ್ಪಿದೆ. ಯಾಕೆ ಬಂದರು ಎಂದು ಗೊತ್ತಾದರೆ ಏನು ಮಾಡಬೇಕು ಎನ್ನುವುದು ಅರ್ಧ ಗೊತ್ತಾದ ಹಾಗೆ.

ಕರಡಿಗೆ ಬೇಕಾದದ್ದು ನಿಮ್ಮ ಕಸದ ಡಬ್ಬಿ

ಕೊಲರಾಡೋದಲ್ಲಿ ಈಗ ಇರುವುದು ಬ್ಲ್ಯಾಕ್ ಬೇರ್ ಒಂದೇ ಜಾತಿ. ಹೆಸರಿಗಷ್ಟೇ ಕಪ್ಪು. ಕಂದು, ಚಕ್ಕೆ ಬಣ್ಣ, ಹೊಂಬಣ್ಣದವೂ ಇವೆ. ಕಂದು ಕರಡಿ ನೋಡಿ, ಇದಕ್ಕಿಂತ ದೊಡ್ಡ, ಉಗ್ರ ಜಾತಿಯಾದ ಗ್ರಿಜ್ಲಿ ಎಂದು ಗಾಬರಿಯಾಗಬೇಡಿ. ಇಲ್ಲಿ ಖಚಿತವಾಗಿ ಕಂಡ ಕೊನೆಯ ಗ್ರಿಜ್ಲಿ 1979ರಲ್ಲಿ ಸ್ಯಾನ್ ವಾನ್ ಬೆಟ್ಟಗಳಲ್ಲಿ ಸತ್ತಿತು.

ಆಗಸ್ಟ್ ಮುಗಿಯುವ ಹೊತ್ತಿಗೆ ಕರಡಿಗೆ ಹುಚ್ಚು ಹಸಿವು ಶುರುವಾಗುತ್ತದೆ. ಚಳಿಗಾಲದ ನಿದ್ದೆಗೆ ಮೈಯಲ್ಲಿ ಕೊಬ್ಬು ತುಂಬಿಕೊಳ್ಳಬೇಕಲ್ಲ. ದಿನಕ್ಕೆ 20,000 ಕ್ಯಾಲೊರಿವರೆಗೆ ತಿನ್ನುತ್ತದೆ. ಅಷ್ಟಕ್ಕೆ ಕಾಡಿನಲ್ಲಿ ಇಡೀ ದಿನ ಹಣ್ಣು ಹೆಕ್ಕಬೇಕು. ನಿಮ್ಮ ಗ್ಯಾರೇಜಿನಲ್ಲಾದರೆ ಹತ್ತು ನಿಮಿಷದ ಕೆಲಸ. ನಮ್ಮ ಗ್ಯಾರೇಜಿನಲ್ಲಿ ಆಗ ಏನೇನಿತ್ತು ಎಂದು ಪಟ್ಟಿ ಮಾಡಿದರೆ ನಗು ಬರುತ್ತದೆ: 20 ಪೌಂಡಿನ ಎರಡು ಅಕ್ಕಿ ಚೀಲ, ಕಡಲೆಕಾಯಿ ಎಣ್ಣೆ ಕ್ಯಾನು, ತುಪ್ಪ, ನಾಯಿಯ ಊಟ, ಹಕ್ಕಿ ಕಾಳು. ಕರಡಿಯ ದಿನಸಿ ಅಂಗಡಿ ಅದು.

ಕೆಲಸ ಶುರುಮಾಡಬೇಕಾದ್ದು ಕಸದಿಂದ. ಕರಡಿ ತೆರೆಯಲಾರದ ಬೀಗದ ಡಬ್ಬಿ ತಗೊಳ್ಳಿ, ಅದನ್ನೂ ಒಳಗೇ ಇಡಿ. ಕಸದ ಗಾಡಿ ಬರುವ ದಿನ ಬೆಳಿಗ್ಗೆ ಮಾತ್ರ ರಸ್ತೆಗೆ ಒಯ್ಯಿರಿ, ಹಿಂದಿನ ರಾತ್ರಿ ಬೇಡವೇ ಬೇಡ. ಬಾಳೆಹಣ್ಣಿನ ಸಿಪ್ಪೆ, ಮೀನು, ಕೋಳಿ ಇಂಥದ್ದನ್ನು ಕವರಿನಲ್ಲಿ ಕಟ್ಟಿ ಫ್ರೀಜರಿನಲ್ಲಿಟ್ಟು ಆ ದಿನವೇ ಡಬ್ಬಿಗೆ ಹಾಕಿ. ಹಕ್ಕಿ ಕಾಳಿನ ಗೂಡನ್ನು ಏಪ್ರಿಲಿನಿಂದ ನವೆಂಬರಿನವರೆಗೆ ಕೆಳಗಿಳಿಸಿ. ಹಮ್ಮಿಂಗ್ ಬರ್ಡ್‌ಗೆ ಇಡುವ ಸಕ್ಕರೆ ನೀರೂ ಸೇರಿ. ಹೂವಿನ ಗಿಡ ನೆಡಿ, ಹಕ್ಕಿ ಅದಕ್ಕೇ ಬರುತ್ತದೆ. ಬೇಕಂತಲೇ ಕರಡಿ, ಜಿಂಕೆ, ಎಲ್ಕ್ ಎಂಬ ದೊಡ್ಡ ಜಿಂಕೆಗಳಿಗೆ ಊಟ ಹಾಕುವುದು ಕೊಲರಾಡೋದಲ್ಲಿ ಕಾನೂನಿಗೆ ವಿರುದ್ಧ, ದಂಡ ಕಟ್ಟಬೇಕಾಗುತ್ತದೆ. ಅಮ್ಮನಿಗೆ ಇದನ್ನು ಹೇಳಿದಾಗ "ಅನ್ನ ಹಾಕಿದ್ರೆ ದಂಡವಾ? ಎಂಥಾ ದೇಶ ಕಣೇ ಇದು" ಎಂದರು. ಮನೆಗಳ ರುಚಿ ಹತ್ತಿದ ಕರಡಿಯನ್ನು ಕೊನೆಗೆ ವನ್ಯಜೀವಿ ಇಲಾಖೆಯವರೇ ಕೊಲ್ಲಬೇಕಾಗುತ್ತದೆ ಎಂದೆ. ಅವತ್ತಿನಿಂದ ಕಟಕಟೆ ಖಾಲಿ.

ಬಾಗಿಲ ಹಿಡಿ ನೋಡಿಕೊಳ್ಳಿ. ಒತ್ತಿದರೆ ತೆರೆಯುವ ಉದ್ದ ಹಿಡಿಯನ್ನು ಕರಡಿ ಪಂಜ ಇಟ್ಟೇ ತೆರೆಯುತ್ತದೆ. ತಿರುಗಿಸುವ ದುಂಡು ಹಿಡಿ ವಾಸಿ. ನಾವು ಎಲ್ಲ ಹೊರಬಾಗಿಲಿಗೂ ಬದಲಾಯಿಸಿದೆವು. ಕಾರಿನ ಬಾಗಿಲಿನದೂ ಇದೇ ಕಥೆ. ಸೀಟಿನ ಕೆಳಗೆ ಒಂದು ಚಾಕೊಲೇಟ್ ಕಾಗದ ಇದ್ದರೂ ಸಾಕು. ಕರಡಿ ಬಾಗಿಲು ತೆರೆದು ಒಳಗೆ ಹತ್ತುತ್ತದೆ, ಬಾಗಿಲು ಹಿಂದಿನಿಂದ ಮುಚ್ಚಿಕೊಳ್ಳುತ್ತದೆ. ಆಮೇಲೆ ಹೊರಬರಲು ಅದು ಸೀಟು, ಡ್ಯಾಶ್‌ಬೋರ್ಡು, ಚಾವಣಿ ಎಲ್ಲವನ್ನೂ ಹರಿದು ಹಾಕುತ್ತದೆ. ನಿಮ್ಮ ಕಾರು ಬೆಳಗಿನ ಜಾವ ತನ್ನಷ್ಟಕ್ಕೆ ಹಾರ್ನ್ ಹೊಡೆಯುತ್ತಿದ್ದರೆ ಹೋಗಿ ಬಾಗಿಲು ತೆಗೆಯಬೇಡಿ. ಕೌಂಟಿಯ ಪೊಲೀಸರಾದ ಶೆರಿಫ್ ಆಫೀಸಿಗೆ ಫೋನ್ ಮಾಡಿ.

ಬೇರ್ ಸ್ಪ್ರೇ ಬಗ್ಗೆ ಒಂದು ಮಾತು ಜಾಸ್ತಿಯೇ ಹೇಳಬೇಕು. ಅದು ಸೊಳ್ಳೆ ಔಷಧಿ ಅಲ್ಲ. ಒಬ್ಬ ನೆಂಟ ಅದನ್ನು ನಡೆಯಲು ಹೊರಡುವ ಮುಂಚೆ ಪ್ಯಾಂಟಿಗೆ ಹೊಡೆದುಕೊಂಡ. ಒಣಮೆಣಸಿನಕಾಯಿ ಹುರಿದ ಘಾಟು ಇದೆಯಲ್ಲ, ಅದರ ನೂರು ಪಟ್ಟು. ಇಡೀ ಮನೆ ಕೆಮ್ಮುತ್ತಾ ಹಿಮದಲ್ಲಿ ನಿಂತೆವು. ಒಳಗಿರುವುದೂ ಅದೇ ಮೆಣಸಿನ ಖಾರ. ಕರಡಿ ನಿಮ್ಮ ಕಡೆಗೇ ನುಗ್ಗಿ ಬಂದಾಗ, ಸುಮಾರು 30 ಅಡಿ ಹತ್ತಿರ ಬಂತೆಂದರೆ, ಅದರ ಮುಖದ ಮುಂದೆ ಸ್ವಲ್ಪ ಕೆಳಮುಖವಾಗಿ ಮೋಡದ ಹಾಗೆ ಹೊಡೆಯಬೇಕು. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ಹೊರಡುವಾಗಲೇ ಗಮನವಿರಲಿ. ಡಬ್ಬಿಯ ಮೇಲೆ ಮುಗಿಯುವ ತಾರೀಖು ಇರುತ್ತದೆ, ನೋಡಿ. ವಿಮಾನದಲ್ಲಿ ಒಯ್ಯುವ ಹಾಗಿಲ್ಲ, ಲಗೇಜಿನಲ್ಲೂ ಇಲ್ಲ. ಬ್ಯಾಗಿನ ತಳದಲ್ಲಿಟ್ಟರೆ ಇದ್ದೂ ಇಲ್ಲದ ಹಾಗೆ. ಸೊಂಟದಲ್ಲಿರಲಿ.

ಇಷ್ಟಾದ ಮೇಲೂ ಕರಡಿ ಮೈಮೇಲೆ ಬಿದ್ದರೆ? ಬ್ಲ್ಯಾಕ್ ಬೇರ್ ಆದರೆ ಸತ್ತಂತೆ ಮಲಗಬೇಡಿ. ಕಲ್ಲು, ಕೋಲು, ಕೈಗೆ ಸಿಕ್ಕಿದ್ದರಲ್ಲಿ ಮೂತಿಗೆ ಹೊಡೆಯಿರಿ. ಸತ್ತಂತೆ ಮಲಗುವ ಉಪಾಯ ಮೊಂಟಾನಾ, ವಯೋಮಿಂಗ್ ಕಡೆಯ ಗ್ರಿಜ್ಲಿಗೆ.

ಮೂಸ್ ಮೇಲೆ ಬಂದರೆ ಓಡಿ

ಕರಡಿ ಕಂಡರೆ ಓಡಬೇಡಿ, ಮೌಂಟನ್ ಲಯನ್ (ಪ್ಯೂಮಾ ಎನ್ನುವ ದೊಡ್ಡ ಕಾಡುಬೆಕ್ಕು) ಕಂಡರೆ ಓಡಬೇಡಿ, ಮೂಸ್ ನಿಮ್ಮ ಮೇಲೆ ಬಂದರೆ ಮಾತ್ರ ಓಡಿ. ಇದನ್ನು ನಾನು ಬಂದವರಿಗೆಲ್ಲ ಬಾಯಿಪಾಠ ಮಾಡಿಸುತ್ತೇನೆ. ಮೂಸ್ ಎಂದರೆ ಜಿಂಕೆ ಜಾತಿಯಲ್ಲೇ ಎಲ್ಲಕ್ಕಿಂತ ದೊಡ್ಡದು, ಬೇಟೆಯಾಡುವ ಪ್ರಾಣಿಯಲ್ಲ. ಅದಕ್ಕೆ ನೀವು ದೂರ ಹೋದರೆ ಸಾಕು. ದಪ್ಪ ಮರ, ಬಂಡೆ, ಕಾರು, ಯಾವುದಾದರೂ ನಿಮ್ಮಿಬ್ಬರ ನಡುವೆ ಬರಲಿ.

ನೋಡಲು ಪಾಪ ಅನಿಸುತ್ತದೆ ಅದು. ಉದ್ದ ಮೂತಿ, ಜೋಲು ಗಡ್ಡ, ನಿಧಾನದ ನಡೆ. ಭುಜದ ಹತ್ತಿರ ಆರಡಿ, ಗಂಡಾದರೆ 1,000 ಪೌಂಡ್ ತೂಗಬಹುದು. 1978ರಲ್ಲಿ ವನ್ಯಜೀವಿ ಇಲಾಖೆಯವರು ಯೂಟಾ, ವಯೋಮಿಂಗ್‌ನಿಂದ ತಂದು ನಮ್ಮ ಉತ್ತರಕ್ಕಿರುವ ನಾರ್ತ್ ಪಾರ್ಕಿನಲ್ಲಿ ಬಿಟ್ಟರು. ಈಗ ನಮ್ಮ ಹಳ್ಳದ ಪೊದೆಗಳೆಲ್ಲ ಅವುಗಳದೇ. ಚಳಿಗಾಲದಲ್ಲಿ ರಸ್ತೆಗೆ ಹಾಕಿದ ಉಪ್ಪು ಕಾರಿಗೆ ಅಂಟಿರುತ್ತದಲ್ಲ, ಅದನ್ನು ನೆಕ್ಕಲು ಅಂಗಳಕ್ಕೇ ಬರುತ್ತವೆ. ಒಂದು ಬೆಳಿಗ್ಗೆ ನಮ್ಮ ಕಾರಿನ ಎರಡೂ ಬದಿ ತೊಳೆದಂತೆ ಫಳಫಳ ಹೊಳೆಯುತ್ತಿತ್ತು. ಕಾರಿಗೆ ಅಂಟಿದ ಉಪ್ಪನ್ನು ಆಗಾಗ ತೊಳೆದರೆ ಈ ಭೇಟಿ ಕಡಿಮೆಯಾಗುತ್ತದೆ.

ಕಿವಿ ಹಿಂದಕ್ಕೆ ಮಡಚಿತು, ಕುತ್ತಿಗೆಯ ಕೂದಲು ನೆಟ್ಟಗಾಯಿತು, ತುಟಿ ನೆಕ್ಕಿಕೊಂಡಿತು ಎಂದರೆ ಫೋಟೊ ಸಾಕು, ಹೊರಡಿ. ಮೇ, ಜೂನ್ ತಿಂಗಳಲ್ಲಿ ಮರಿಯಿರುವ ತಾಯಿ, ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಬೆದೆಗೆ ಬಂದ ಗಂಡು, ಇವೆರಡೂ ಬಲು ಮುಂಗೋಪಿ. ಇನ್ನು ನಾಯಿ. ಮೂಸ್ ಕಣ್ಣಿಗೆ ನಾಯಿಯೂ ಒಂದೇ, ತೋಳವೂ ಒಂದೇ. ನಮ್ಮ ಚಿನ್ನು ಬೊಗಳಿಕೊಂಡು ಹೋಯಿತು, ಮೂಸ್ ಅಟ್ಟಿಸಿಕೊಂಡು ಬಂತು, ಚಿನ್ನು ಓಡಿ ಬಂದದ್ದು ನೇರ ನಮ್ಮ ಮನೆಯವರ ಕಾಲ ಬಳಿಗೆ. ಅವರು ಸೌದೆ ರಾಶಿಯ ಹಿಂದೆ ಹಾರಿ ಉಳಿದರು. ಮೊಣಕಾಲಿನ ಗುರುತು ಇನ್ನೂ ಇದೆ. ಅವತ್ತಿನಿಂದ ಚಿನ್ನುಗೆ ಹಗ್ಗ.

ಮೌಂಟನ್ ಲಯನ್ ಬಗ್ಗೆ ಹೆಚ್ಚು ಹೇಳುವುದಿಲ್ಲ, ಯಾಕೆಂದರೆ 12 ವರ್ಷದಲ್ಲಿ ನಾನು ಕಣ್ಣಾರೆ ಕಂಡದ್ದು ಒಂದೇ ಸಲ. ಆದರೆ ಮರಕ್ಕೆ ಕಟ್ಟಿದ ಕ್ಯಾಮೆರಾದಲ್ಲಿ ಒಂದೇ ಚಳಿಗಾಲ 11 ಸಲ ಸೌದೆ ರಾಶಿಯ ಪಕ್ಕ ಹಾದುಹೋಗಿತ್ತು. ಅದು ಬರುವುದು ಜಿಂಕೆಯ ಹಿಂದೆ. ಜಿಂಕೆ ಬರುವುದು ನೀವಿಟ್ಟ ಉಪ್ಪಿನ ಗಡ್ಡೆಗೋ ಹುಲ್ಲಿಗೋ. ಹಾಗಾಗಿ ಜಿಂಕೆಗೆ ಏನೂ ಇಡಬೇಡಿ. ಮನೆ ಸುತ್ತ ಅಡಗಿ ಕೂರುವಂಥ ಪೊದೆ ಕಡಿಯಿರಿ. ಮುಸ್ಸಂಜೆಯಲ್ಲಿ ಮಕ್ಕಳನ್ನು ಒಳಗೆ ಕರೆದುಕೊಳ್ಳಿ. ಎದುರಾದರೆ ಬಗ್ಗಬೇಡಿ, ಕೈ ಎತ್ತಿ ಜಾಕೆಟ್ ಅಗಲಿಸಿ ದೊಡ್ಡವರಾಗಿ ಕಾಣಿ, ಜೋರಾಗಿ ಮಾತಾಡುತ್ತಾ ಹಿಂದೆ ಸರಿಯಿರಿ.

ತೋಳದ ವಿಷಯ ಇಲ್ಲಿ ಪ್ರಾಣಿಗಿಂತ ರಾಜಕೀಯ ಜಾಸ್ತಿ. 2020ರಲ್ಲಿ ಜನ ಮತ ಹಾಕಿ ತೋಳ ಮತ್ತೆ ಬರಲಿ ಎಂದರು. 2023ರ ಡಿಸೆಂಬರಿನಲ್ಲಿ ಆರೆಗಾನ್‌ನಿಂದ ತಂದ ಹತ್ತು ತೋಳಗಳನ್ನು ನಮ್ಮ ಕೌಂಟಿಯಲ್ಲೂ ಪಕ್ಕದ ಸಮಿಟ್ ಕೌಂಟಿಯಲ್ಲೂ ಬಿಟ್ಟರು. ತೋಳ ಕೊಂದ ದನಕ್ಕೆ ಒಂದಕ್ಕೆ 15,000 ಡಾಲರ್‌ವರೆಗೆ ಪರಿಹಾರ ಇದೆ. ಪಕ್ಕದ ಅಜ್ಜನ ಮುಂದೆ ಈ ಮಾತು ತೆಗೆದರೆ ಕಾಫಿ ಆರಿಹೋಗುವವರೆಗೆ ಕೂರಬೇಕು. ನಾನು ತೆಗೆಯುವುದಿಲ್ಲ. ನಾಯಿ ಹಗ್ಗದಲ್ಲಿರಲಿ, ಸತ್ತ ಪ್ರಾಣಿ ಜಮೀನಿನಲ್ಲಿ ಬಿದ್ದಿರದಿರಲಿ. ನಮ್ಮಂಥವರಿಗೆ ಅಷ್ಟು ಸಾಕು.

ಇಲಿಗೆ ಹೆದರಿ

ಬಂದ ವರ್ಷದ ಮೊದಲ ವಸಂತದಲ್ಲಿ ನಾನು ಹಿತ್ತಲ ಹಳೆಯ ಶೆಡ್ ತೆರೆದು, ಮೂಗಿಗೆ ಬಟ್ಟೆಯೂ ಇಲ್ಲದೆ, ಪೊರಕೆ ತಗೊಂಡು ಜೋರಾಗಿ ಗುಡಿಸಿದೆ. ಮೂಲೆ ತುಂಬ ಇಲಿ ಹಿಕ್ಕೆ. ಬಿಸಿಲಿನ ಕೋಲಿನಲ್ಲಿ ಧೂಳು ಕುಣಿಯುತ್ತಿತ್ತು. ಸಂಜೆ ಅಜ್ಜನಿಗೆ ಹೇಳಿದೆ. ಅವರ ಮುಖ ಬದಲಾಯಿತು.

ಇಲ್ಲಿಯ ಡೀರ್ ಮೌಸ್ ನೋಡಲು ಮುದ್ದು. ದೊಡ್ಡ ಕಣ್ಣು, ಬಿಳಿ ಹೊಟ್ಟೆ. ಅದರ ಹಿಕ್ಕೆ, ಉಚ್ಚೆಯಲ್ಲಿ ಹಂಟಾ ವೈರಸ್ ಇರಬಹುದು. 1993ರಲ್ಲಿ ಕೊಲರಾಡೋ, ನ್ಯೂ ಮೆಕ್ಸಿಕೊ, ಅರಿಝೋನಾ, ಯೂಟಾ ಸೇರುವ ಮೂಲೆಯಲ್ಲಿ ಗಟ್ಟಿಮುಟ್ಟಾದ ಎಳೆಯ ಜನ ಉಸಿರು ಕಟ್ಟಿ ಸತ್ತಾಗಲೇ ಇದು ಗೊತ್ತಾದದ್ದು. ಶ್ವಾಸಕೋಶಕ್ಕೆ ಹತ್ತಿದವರಲ್ಲಿ ಮೂರಕ್ಕೆ ಒಬ್ಬರಿಗಿಂತ ಜಾಸ್ತಿ ಜನ ಉಳಿಯುವುದಿಲ್ಲ. ಗುಡಿಸಿದರೆ ಆ ಧೂಳೇ ಒಳಗೆ ಹೋಗುತ್ತದೆ. ಕಾಯಿಲೆ ಕಾಣಿಸಿಕೊಳ್ಳಲು ಎಂಟು ವಾರದವರೆಗೆ ಬೇಕಾಗಬಹುದು. ನಾನು ಕ್ಯಾಲೆಂಡರಿನಲ್ಲಿ 56 ದಿನ ಗೆರೆ ಎಳೆದೆ. ಒಂದು ಸೀನು ಬಂದರೂ ಎದೆ ಧಸಕ್ ಎನ್ನುತ್ತಿತ್ತು. ಏನೂ ಆಗಲಿಲ್ಲ.

ಸರಿಯಾದ ಕ್ರಮ ಹೀಗೆ. ಮುಚ್ಚಿದ್ದ ಜಾಗದ ಕಿಟಕಿ ಬಾಗಿಲು ತೆರೆದು ಅರ್ಧ ಗಂಟೆ ಹೊರಗಿರಿ. ಒಂದು ಪಾಲು ಬ್ಲೀಚಿಗೆ ಒಂಬತ್ತು ಪಾಲು ನೀರು ಅವತ್ತೇ ಬೆರೆಸಿ. ರಬ್ಬರ್ ಗ್ಲೌಸ್ ಹಾಕಿಕೊಂಡು ಹಿಕ್ಕೆ, ಗೂಡು ಎಲ್ಲವನ್ನೂ ತೊಪ್ಪೆಯಾಗುವಂತೆ ನೆನೆಸಿ, ಐದು ನಿಮಿಷ ಬಿಡಿ. ಪೇಪರ್ ಟವೆಲಿನಲ್ಲಿ ಒರೆಸಿ ಕವರಿಗೆ ಹಾಕಿ ಕಟ್ಟಿ. ಆಮೇಲೆ ನೆಲ ಒರೆಸಿ. ಪೊರಕೆ, ವ್ಯಾಕ್ಯೂಮ್ ಎರಡೂ ಬೇಡ. ಇನ್ನು ತೂತು ಮುಚ್ಚುವ ಕೆಲಸ. ಪೆನ್ಸಿಲ್ ತೂರುವ ಜಾಗದಲ್ಲಿ ಇಲಿ ಮರಿಯೂ ತೂರುತ್ತದೆ. ಪೈಪು ಗೋಡೆ ಸೇರುವಲ್ಲಿ ಪಾತ್ರೆ ತಿಕ್ಕುವ ಸ್ಟೀಲ್ ನಾರು ತುಂಬಿ, ಮೇಲೆ ಸಿಲಿಕಾನ್ ಹಚ್ಚಿ. ಒಂದು ಶನಿವಾರ ಇಡೀ ಟಾರ್ಚ್ ಹಿಡಿದು ಮನೆ ಸುತ್ತ ಅಂಗಾತ ಮಲಗಿ ಹುಡುಕಿದೆ. 31 ತೂತು ಸಿಕ್ಕವು.

ಮಾರ್ಮಟ್ ಎಂಬ ಡುಮ್ಮ ಅಳಿಲು ಬೇಸಿಗೆಯಲ್ಲಿ ಕಾರಿನ ರೇಡಿಯೇಟರ್ ಪೈಪು ಕಡಿಯುತ್ತದೆ. ಕಾರು ಹೊರಡಿಸುವ ಮುಂಚೆ ಬಾನೆಟ್ ಎತ್ತಿ ನೋಡುವುದು ಅಭ್ಯಾಸವಾಗಲಿ.

ದನ, ಬೇಟೆಗಾರರು, ಮತ್ತೆ ನೆಂಟರು

ಒಂದು ಜುಲೈ ಬೆಳಿಗ್ಗೆ ಎದ್ದು ನೋಡಿದರೆ ಏಳು ಕಪ್ಪು ದನ ಅಮ್ಮ ಬೆಳೆಸಿದ್ದ ಕೊತ್ತಂಬರಿ ಮಡಿಯಲ್ಲಿ ನಿಂತಿವೆ. ಊರಿನಲ್ಲಾದರೆ ದೊಡ್ಡಿಗೆ ಹೊಡೆದುಬಿಡುತ್ತಿದ್ದರು. ಇಲ್ಲಿ ಫೋನ್ ಮಾಡಿ ದೂರು ಹೇಳಿದರೆ, ಆ ಕಡೆಯ ಹುಡುಗಿ ನಯವಾಗಿ "ಬೇಲಿ ಹೇಗಿದೆ ಮೇಡಂ ನಿಮ್ಮದು?" ಎಂದು ಕೇಳಿದಳು. ಕೊಲರಾಡೋದಲ್ಲಿ ದನ ಒಳಗೆ ಬರಬಾರದು ಎಂದರೆ ಬೇಲಿ ಹಾಕಿಕೊಳ್ಳಬೇಕಾದವರು ನಾವು. ಕಾನೂನಿನ ಬೇಲಿ ಎಂದರೆ ಮೂರು ಎಳೆ ಮುಳ್ಳುತಂತಿ, ಸುಮಾರು 20 ಅಡಿಗೆ ಒಂದು ಗಟ್ಟಿ ಕಂಬ, ಬೇಲಿಯಷ್ಟೇ ಗಟ್ಟಿ ಗೇಟು. ಅಂಥ ಬೇಲಿ ಇದ್ದು, ಅದನ್ನು ಮುರಿದು ಬಂದರೆ ಮಾತ್ರ ನಷ್ಟ ಕೇಳಬಹುದು. ಹಾಕುವುದಾದರೆ ಮೇಲಿನ ತಂತಿ 42 ಇಂಚಿಗಿಂತ ಎತ್ತರ ಬೇಡ, ಕೆಳಗಿನದು ನೆಲದಿಂದ 16 ಇಂಚು ಮೇಲಿರಲಿ. ಆಗ ಎಲ್ಕ್ ಹಾರಬಹುದು, ಮರಿಗಳು ನುಸುಳಬಹುದು. ಇಲ್ಲದಿದ್ದರೆ ಬೇಲಿಗೆ ಕಾಲು ಸಿಕ್ಕಿ ಸತ್ತ ಎಲ್ಕ್ ಎಳೆಯುವ ಕೆಲಸವೂ ನಿಮ್ಮದೇ.

ಬೇಟೆಯ ಕಾಲದಲ್ಲಿ, ಅದರಲ್ಲೂ ಅಕ್ಟೋಬರ್, ನವೆಂಬರಿನಲ್ಲಿ, ಬಟ್ಟೆ ಒಣಹಾಕಲು ಹೋಗುವಾಗಲೂ ಕಿತ್ತಳೆ ಬಣ್ಣದ ಜಾಕೆಟ್ ಹಾಕಿಕೊಳ್ಳಿ. ಬಂದೂಕು ಹಿಡಿದ ಬೇಟೆಗಾರರು ಹೊಳೆಯುವ ಕಿತ್ತಳೆ ಹಾಕಲೇಬೇಕು, 2016ರಿಂದ ಹೊಳೆಯುವ ಗುಲಾಬಿಯೂ ನಡೆಯುತ್ತದೆ. ಬೋರ್ಡ್ ಇಲ್ಲದಿದ್ದರೂ ನಿಮ್ಮ ಜಮೀನಿಗೆ ಬರಲು ಅವರು ಅನುಮತಿ ಕೇಳಬೇಕು. ಹೆಚ್ಚಿನವರು ಟೋಪಿ ತೆಗೆದು ಕೇಳುತ್ತಾರೆ. ನಾವು ಬೇಡ ಎನ್ನುತ್ತೇವೆ, ಆದರೆ ಕಾಫಿ ಕೊಡುತ್ತೇವೆ. ಯಾವ ಬೆಟ್ಟದಲ್ಲಿ ಏನು ಓಡಾಡುತ್ತಿದೆ ಎನ್ನುವ ಸುದ್ದಿ ಅವರಿಂದಲೇ ಸಿಗುವುದು.

ನೆಂಟರು ಬಂದರೆ ಮೊದಲ ದಿನ ತಿರುಗಾಡಿಸಬೇಡಿ. ಎತ್ತರಕ್ಕೆ ತಲೆನೋವು, ವಾಕರಿಕೆ ಬರುತ್ತದೆ. ನೀರು ಕುಡಿಸಿ, ಮಲಗಿಸಿ, ವಿಸ್ಕಿ ಬಾಟಲಿ ಅಡಗಿಸಿ. ಉಬ್ಬಸ ಬಂದರೆ, ತೂರಾಡಿದರೆ ಬೆಳಗಾಗಲಿ ಎಂದು ಕಾಯಬೇಡಿ, ಕೆಳಗಿಳಿಸಿ. ಇನ್ನೊಂದು, ಇಲ್ಲಿ ನೀರು ಸುಮಾರು 91 ಡಿಗ್ರಿಗೇ ಕುದಿಯುತ್ತದೆ. ಪಾತ್ರೆಯಲ್ಲಿಟ್ಟ ತೊಗರಿಬೇಳೆ ಬೆಂದ ಮೇಲೆ ಊಟ ಎಂದರೆ ಉಪವಾಸವೇ ಗತಿ. ಕುಕ್ಕರ್ ಒಂದಲ್ಲ, ಎರಡಿರಲಿ.

ರಾತ್ರಿ ಹತ್ತಕ್ಕೆ ಬಾಗಿಲು ತಟ್ಟಿದರೆ

ಕರೆಯದೆ ಬರುವ ಮನುಷ್ಯರಿಗೆ ಚಳಿಗಾಲದಲ್ಲಿ ಕಾರಣ ಒಂದೇ. ಫೋನಿನ ಮ್ಯಾಪು. ನಮ್ಮ ಮನೆ ಮುಂದಿನ ರಸ್ತೆ ಬೇಸಿಗೆಯಲ್ಲಿ ಕಾಡಿನೊಳಗೆ ಹಾದು ಇನ್ನೊಂದು ಕಡೆ ಸೇರುತ್ತದೆ. ನವೆಂಬರ್ ಆದಮೇಲೆ ಯಾರೂ ಹಿಮ ತೆಗೆಯುವುದಿಲ್ಲ. ಫೋನಿಗೆ ಅದು ಗೊತ್ತಾಗುವುದಿಲ್ಲ, ಹತ್ತಿರದ ದಾರಿ ಎಂದು ತೋರಿಸುತ್ತದೆ.

ಒಂದು ಜನವರಿ ರಾತ್ರಿ, ಮೈನಸ್ 28 ಡಿಗ್ರಿ. ಇಲ್ಲಿಂದ ಸ್ವಲ್ಪ ದಕ್ಷಿಣಕ್ಕಿರುವ ಫ್ರೇಸರ್ ಊರಿಗೆ ದೇಶದ ಐಸ್‌ಬಾಕ್ಸ್ ಎಂದೇ ಅಡ್ಡಹೆಸರು, ಅಂದಮೇಲೆ ಊಹಿಸಿಕೊಳ್ಳಿ. ಚಿನ್ನು ಎದ್ದು ಗುರ್ ಎಂದಿತು. ಆಮೇಲೆ ಬಾಗಿಲು ತಟ್ಟಿದ ಸದ್ದು. ಕರಡಿಗಳೆಲ್ಲ ಮಲಗಿರುವ ಕಾಲ ಅದು. ನಿಜ ಹೇಳಬೇಕೆಂದರೆ ಕರಡಿಗಿಂತ ಜಾಸ್ತಿ ಭಯವಾಯಿತು.

ಆಗ ನಾವು ಮಾಡಿದ್ದು, ಈಗಲೂ ಮಾಡುವುದು ಇಷ್ಟು. ಹೊರಗಿನ ದೀಪ ಹಾಕಿ. ಬಾಗಿಲು ತೆರೆಯದೆ ಕಿಟಕಿಯಿಂದ ಮಾತಾಡಿ. ಎಷ್ಟು ಜನ, ಕಾರು ಎಲ್ಲಿ, ಯಾರಿಗಾದರೂ ಪೆಟ್ಟಾಗಿದೆಯಾ ಎಂದು ಕೇಳಿ. ಒಬ್ಬರು ಮಾತಾಡುತ್ತಿರುವಾಗ ಇನ್ನೊಬ್ಬರು ಶೆರಿಫ್ ಆಫೀಸಿಗೆ ಫೋನ್ ಮಾಡಿ ಇಂಥವರು ಬಂದಿದ್ದಾರೆ ಎಂದು ತಿಳಿಸಿ. ಇದು ಅನುಮಾನದ ಮಾತಲ್ಲ. ಅವರನ್ನು ಯಾರಾದರೂ ಹುಡುಕುತ್ತಿರಬಹುದು. ಅಷ್ಟಾದ ಮೇಲೆ ಬಾಗಿಲು ತೆರೆಯಿರಿ. ಈ ಚಳಿಯಲ್ಲಿ ತೆರೆಯದೆ ಇರುವುದು ನಮ್ಮ ಕೈಲಿ ಆಗುವುದಿಲ್ಲ. ಅಜ್ಜ ಹೇಳುವುದೂ ಅದನ್ನೇ.

ನೀವೇ ಯಾರದ್ದಾದರೂ ಬಾಗಿಲು ತಟ್ಟಬೇಕಾಗಿ ಬಂದರೆ ಇದರ ಉಲ್ಟಾ ನೆನಪಿಡಿ. ಇಲ್ಲಿ ಬಹಳ ಮನೆಗಳಲ್ಲಿ ಬಂದೂಕಿದೆ. ದೂರದಿಂದಲೇ ಕೂಗಿ. ತಟ್ಟಿ, ಎರಡು ಹೆಜ್ಜೆ ಹಿಂದೆ ಬಂದು ಬೆಳಕಿನಲ್ಲಿ ನಿಲ್ಲಿ. ಕೈ ಜೇಬಿನಲ್ಲಿ ಬೇಡ.

ಬಂದಿದ್ದವನು ಇಪ್ಪತ್ತರ ಹುಡುಗ, ಬಟ್ಟೆ ಶೂ. ಹೆಂಡತಿ, ಮೂರು ವರ್ಷದ ಮಗು ಮುಕ್ಕಾಲು ಮೈಲಿ ಮೇಲೆ ಕಾರಿನಲ್ಲಿದ್ದಾರೆ ಎಂದ. ಮಾತು ತೊದಲುತ್ತಿತ್ತು, ಆದರೆ ನಡುಕ ಇನ್ನೂ ಇತ್ತು. ನಡುಕ ಇದ್ದರೆ ಒಳ್ಳೆಯದು. ನಡುಕ ನಿಂತು ಮಂಪರು ಬಂದರೆ ಅಪಾಯ. ನಮ್ಮ ಮನೆಯವರು ಸ್ಲೆಡ್ ಕಟ್ಟಿದ ಸ್ನೋಮೊಬೈಲಿನಲ್ಲಿ ಹೋಗಿ ತಾಯಿ ಮಗುವನ್ನು ತಂದರು. ಕಾರಿನ ಇಂಜಿನ್ ಚಾಲೂ ಇತ್ತು, ಸೈಲೆನ್ಸರ್ ಪೈಪು ಅರ್ಧ ಹಿಮದಲ್ಲಿ ಹೂತಿತ್ತು. ಪೂರ್ತಿ ಮುಚ್ಚಿದ್ದರೆ ಹೊಗೆ ಒಳಗೇ ತುಂಬಿ ಇಬ್ಬರೂ ನಿದ್ದೆಯಲ್ಲೇ ಹೋಗುತ್ತಿದ್ದರು. ಹಿಮದಲ್ಲಿ ಕಾರು ಸಿಕ್ಕಿಕೊಂಡರೆ ಮೊದಲು ಆ ಪೈಪಿನ ಸುತ್ತ ಕೈಯಲ್ಲಾದರೂ ಅಗೆಯಿರಿ. ಇಂಜಿನ್ ಗಂಟೆಗೆ ಹತ್ತು ನಿಮಿಷ ಸಾಕು, ಕಿಟಕಿ ಒಂದು ಬೆರಳು ತೆರೆದಿರಲಿ. ಮತ್ತೆ, ಕಾರು ಬಿಟ್ಟು ನಡೆಯಬೇಡಿ. ಆ ಹುಡುಗನಿಗೆ ನಮ್ಮ ದೀಪ ಕಂಡದ್ದು ಅದೃಷ್ಟ.

ಒಳಗೆ ಬಂದವರ ಒದ್ದೆ ಬಟ್ಟೆ ತೆಗೆಸಿ ಒಣ ಬಟ್ಟೆ ಕೊಡಿ, ತಲೆಗೆ ಟೋಪಿ ಹಾಕಿ. ಬಿಸಿ ನೀರಿನ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಎದೆ, ಕಂಕುಳ ಹತ್ತಿರ ಇಡಿ. ಕೈಕಾಲಿಗಿಂತ ಮೊದಲು ಮೈ ಬೆಚ್ಚಗಾಗಬೇಕು. ಎಚ್ಚರವಿದ್ದರೆ ಸಿಹಿಯಾದ ಬಿಸಿ ಹಾಲು, ಟೀ ಕೊಡಿ. ಮದ್ಯ ಬೇಡ. ಬೆರಳು ಬೆಳ್ಳಗೆ ಮರಗಟ್ಟಿದ್ದರೆ ಉಜ್ಜಬೇಡಿ, ಒಲೆಯ ಮುಂದೆ ಹಿಡಿಯಬೇಡಿ. ಮೊಣಕೈ ಅದ್ದಿದರೆ ಹಿತವೆನಿಸುವ ನೀರಿನಲ್ಲಿ ಇಡಿ. ನೋವು ಜೋರಾಗಿ ಬರುತ್ತದೆ, ಬರಲಿ. ಮತ್ತೆ ಚಳಿಗೆ ಹೋಗಬೇಕಾದ ಸಂದರ್ಭವಿದ್ದರೆ ಕರಗಿಸಲೇಬೇಡಿ. ಒಮ್ಮೆ ಕರಗಿ ಮತ್ತೆ ಹೆಪ್ಪುಗಟ್ಟಿದರೆ ಬೆರಳೇ ಹೋಗಬಹುದು.

ಅವರು ಎರಡು ದಿನ ಇದ್ದರು. ಮಗುವಿಗೆ ಚಿನ್ನು ಬಿಟ್ಟರೆ ಬೇರೇನೂ ಬೇಕಿರಲಿಲ್ಲ. ಎರಡನೇ ರಾತ್ರಿ ಕರೆಂಟ್ ಹೋಯಿತು. ಕರೆಂಟ್ ಹೋದರೆ ಬೋರ್‌ವೆಲ್ ಪಂಪ್ ನಿಲ್ಲುತ್ತದೆ, ನೀರು ನಿಲ್ಲುತ್ತದೆ. ಇದನ್ನು ಪೇಟೆಯವರು ಮರೆಯುತ್ತಾರೆ. ಈಗ ನಮ್ಮಲ್ಲಿ ಯಾವಾಗಲೂ ಐದು ಜನಕ್ಕೆ ಒಂದು ವಾರದ ಅಕ್ಕಿ ಬೇಳೆ, 40 ಗ್ಯಾಲನ್ ನೀರು, ನಾಲ್ಕು ಸ್ಲೀಪಿಂಗ್ ಬ್ಯಾಗ್, ಬೇರೆ ಬೇರೆ ಅಳತೆಯ ಹತ್ತು ಜೊತೆ ಉಣ್ಣೆ ಕಾಲುಚೀಲ ಇರುತ್ತವೆ. ಒಲೆ ಉರಿಯುವ ಕೋಣೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಅಲಾರಂ, ಬ್ಯಾಟರಿಯದು. ಬಾಗಿಲ ಹಿಂದೆ ಇನ್ನೊಂದು ಚೀಲ ಸದಾ ಕಟ್ಟಿಟ್ಟಿರುತ್ತದೆ, ಅದು ನಮಗೆ. 2020ರ ಅಕ್ಟೋಬರಿನಲ್ಲಿ ಈಸ್ಟ್ ಟ್ರಬಲ್‌ಸಮ್ ಕಾಳ್ಗಿಚ್ಚು ಒಂದೇ ದಿನದಲ್ಲಿ 80,000 ಎಕರೆಗೂ ಜಾಸ್ತಿ ನುಂಗಿದಾಗ, ಬೇರೆಯವರ ಬಾಗಿಲು ತಟ್ಟುವ ಸರದಿ ನಮ್ಮದಾಗಿತ್ತು. ಆಗ ನಾನು ತಂದದ್ದು ಪಾಸ್‌ಪೋರ್ಟು, ಕುಕ್ಕರು, ಚಿನ್ನು. ಔಷಧಿ ಮರೆತಿದ್ದೆ.

ಮೂರನೇ ದಿನ ಹಿಮ ತೆಗೆಯುವ ಗಾಡಿ ತಿರುವಿನವರೆಗೆ ಬಂತು, ಅವರು ಹೊರಟರು. ಅದೇ ಮಧ್ಯಾಹ್ನ ನಾವು ಒಂದು ಪ್ಲೈವುಡ್ ಹಲಗೆಗೆ ಕೆಂಪು ಬಣ್ಣದಲ್ಲಿ "ನಿಮ್ಮ ಫೋನ್ ಹೇಳುವುದು ತಪ್ಪು. ಮುಂದೆ ರಸ್ತೆ ಇಲ್ಲ" ಎಂದು ಇಂಗ್ಲಿಷಿನಲ್ಲಿ ಬರೆದು ನಮ್ಮ ಜಮೀನಿನ ಮೂಲೆಯಲ್ಲಿ ನೆಟ್ಟೆವು. ಹತ್ತು ದಿನ ಕಳೆದು ನೋಡಿದರೆ ಅರ್ಧ ಬೋರ್ಡು ಇಲ್ಲ. ಅಂಚೆಲ್ಲ ಹಲ್ಲಿನ ಗುರುತು. ಕೆಳಗೆ ಹಿಮದಲ್ಲಿ ಉದ್ದುದ್ದ ಮುಳ್ಳು ಬಿದ್ದಿವೆ. ಮುಳ್ಳುಹಂದಿಗೆ ಪ್ಲೈವುಡ್ಡಿನ ಅಂಟು ಎಂದರೆ ಪಂಚಪ್ರಾಣ. ಉಳಿದ ಅರ್ಧದಲ್ಲಿ ಇದ್ದದ್ದು "ಮುಂದೆ ರಸ್ತೆ" ಎಂದು ಮಾತ್ರ.

ಬೋರ್ಡು ಹಾಕುವುದಾದರೆ ತಗಡಿನದು ಹಾಕಿ.